ಪುಟ್ಟಿಗೆ, ಕೌದಿ ಅಜ್ಜಿಯ ಸನ್ಮಾನದ ವಿಷಯವಾಗಿ

ಶನಿವಾರಸಂತೆ
ಭಾನುವಾರ ಸಂಜೆ

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಗುರುವಾರ ಬಂತು. ಮೂರು ಸಲ ಓದಿದೆ. ಮನೆಯ ವಿಷಯ, ಕೆಲಸದ ವಿಷಯ ಎಲ್ಲ ತಿಳಿಯಿತು. ಅದಕ್ಕೆಲ್ಲ ಫೋನಿನಲ್ಲಿ ಉತ್ತರ ಕೊಡುತ್ತೇನೆ. ಹಾಳೆಯ ಅಂಚಿನಲ್ಲಿ ಚಿಕ್ಕ ಅಕ್ಷರದಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, ಅದು ನನ್ನನ್ನು ಬಿಡುತ್ತಿಲ್ಲ. "ಕೌದಿ ಅಜ್ಜಿಗೆ ನನ್ನ ಗುರುತೇ ಸಿಗದಿದ್ದರೆ ಏನು ಮಾಡಲಿ ದೊಡ್ಡಮ್ಮ? ಅದಕ್ಕಿಂತ ಬರದೇ ಇರುವುದೇ ವಾಸಿ ಅನ್ನಿಸುತ್ತಿದೆ."

ಛೆ, ಹಾಗೆಲ್ಲ ಅಂದುಕೊಳ್ಳಬೇಡ ಎಂದು ಬರೆಯಲು ಅವತ್ತೇ ಕುಳಿತೆ. ಕೈ ಮುಂದೆ ಹೋಗಲಿಲ್ಲ. ಯಾಕೆಂದರೆ ಗುರುತು ಸಿಗದೇ ಹೋಗಬಹುದು. ಅವರಿಗೆ ಎಪ್ಪತ್ತೈದು ದಾಟಿದೆ. ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ, ಇನ್ನೊಂದು ಮಸುಕು. ತೋಟದ ಕೆಲಸದವರಿಗೆಂದು ಸಾಲಾಗಿ ಕಟ್ಟಿದ ಅವರ ಲೈನ್ ಮನೆಯ ಜಗುಲಿಯಲ್ಲಿ ನೀನು ಕೊನೆಯದಾಗಿ ಕುಳಿತಾಗ ನಿನಗೆ ಎರಡು ಜಡೆ ಇತ್ತು. "ಸಿಕ್ಕೇ ಸಿಗುತ್ತದೆ, ಧೈರ್ಯವಾಗಿ ಬಾ" ಎಂದು ಸುಮ್ನೆ ಬರೆದುಬಿಡಬಹುದು. ಆಮೇಲೆ ಸಿಗದಿದ್ದರೆ? ಅಷ್ಟು ದೂರದಿಂದ ಬಂದ ನಿನಗೆ ನಾನು ಸುಳ್ಳು ಹೇಳಿದ ಹಾಗಾಗುತ್ತದೆ.

ಆದರೂ ಬಾ ಎಂದೇ ಹೇಳುತ್ತೇನೆ. ಯಾಕೆ ಅಂತ ಸರಿಯಾಗಿ ಹೇಳಲು ಬರುತ್ತಿಲ್ಲ. ಬರೆಯುತ್ತಾ ಹೋಗುತ್ತೇನೆ, ನೀನೇ ಜೋಡಿಸಿಕೋ.

ನಾನು ಸೋಮವಾರಪೇಟೆಯಲ್ಲಿ ಹೊಲಿಗೆ ಕಲಿತದ್ದು ಮದುವೆಗೆ ಮುಂಚೆ. ಆ ಟೀಚರ್ ನನಗೆ ಎರಡು ವರ್ಷ ಕಲಿಸಿದರು. ರವಿಕೆಯ ತೋಳು ಕೂರಿಸುವುದನ್ನು ಕೈ ಹಿಡಿದು ತೋರಿಸಿದವರು ಅವರು. ಮದುವೆಯಾದ ಮೇಲೆ ನಾನು ಒಂದು ಕಾಗದವನ್ನೂ ಹಾಕಲಿಲ್ಲ. ಅವರು ನಿವೃತ್ತರಾದಾಗ ಒಂದು ಚಿಕ್ಕ ಸಮಾರಂಭ ಇಟ್ಟಿದ್ದರು. ನಾನು ರೇಷ್ಮೆ ಸೀರೆ ಉಟ್ಟು, ಹೂವು ಕಟ್ಟಿಸಿಕೊಂಡು, ಬಸ್ಸು ಹತ್ತಿ ಗೇಟಿನ ತನಕ ಹೋದೆ. ಒಳಗೆ ತುಂಬಾ ಜನ. ಎಲ್ಲರೂ ಅವರ ಸುತ್ತ ನಿಂತು ನಗುತ್ತಿದ್ದರು. ನಾನು ಹೋಗಿ ನಿಂತರೆ "ನೀನು ಯಾರಮ್ಮ?" ಅಂದುಬಿಟ್ಟರೆ ಅನ್ನಿಸಿತು. ಅಲ್ಲಿಂದಲೇ ತಿರುಗಿದೆ. ಹೂವನ್ನು ಬಸ್ ನಿಲ್ದಾಣದ ಹತ್ತಿರದ ದೇವಸ್ಥಾನಕ್ಕೆ ಕೊಟ್ಟೆ.

ಟೀಚರ್ ಆಮೇಲೆ ಹೆಚ್ಚು ವರ್ಷ ಇರಲಿಲ್ಲ. ಅವರಿಗೆ ನನ್ನ ಗುರುತು ಸಿಗುತ್ತಿತ್ತೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ. ಗೇಟಿನಿಂದ ತಿರುಗಿದವರಿಗೆ ಅದು ಗೊತ್ತಾಗುವುದಿಲ್ಲ ಪುಟ್ಟಿ. ಮೂವತ್ತು ವರ್ಷದ ಮೇಲಾಯಿತು. ಹೊಲಿಗೆ ಮೆಷಿನ್ ಮುಂದೆ ಕುಳಿತಾಗಲೆಲ್ಲ ಆ ಗೇಟು ಕಣ್ಣ ಮುಂದೆ ಬರುತ್ತದೆ.

ಸಮಾರಂಭದ ವಿಷಯ ಹೇಳುತ್ತೇನೆ, ನೀನು ಕೇಳಿದ್ದೆ. ಅರೇಬಿಕಾ ಕಾಫಿ ಕೊಯ್ಲು ಮುಗಿದ ಮೇಲೆ ಇಟ್ಟುಕೊಂಡಿದ್ದಾರೆ, ಫೆಬ್ರವರಿಯ ಎರಡನೇ ಭಾನುವಾರ. ಆಗ ತೋಟದವರಿಗೂ ಬಿಡುವು, ಕೆಲಸದವರಿಗೂ ಬಿಡುವು. ಜಾಗ ನಮ್ಮ ಸಮುದಾಯ ಭವನ. ಅಜ್ಜಿ ಇಷ್ಟು ವರ್ಷ ಹೊಲಿದುಕೊಟ್ಟ ಕೌದಿಗಳನ್ನು ಮನೆಮನೆಯಿಂದ ಕೇಳಿ ತಂದು ಗೋಡೆ ತುಂಬಾ ನೇತುಹಾಕುತ್ತಾರಂತೆ. ಕೆಳಗೆ ಆಯಾ ಮನೆಯ ಹೆಸರಿನ ಚೀಟಿ. ಬೆಂಗಳೂರಿನಿಂದಲೂ ಕೆಲವರು ಬರುತ್ತಾರೆ. ಅಜ್ಜಿಯ ಕೌದಿ ಈಗ ಅಲ್ಲಿ ಹೋಗುವ ಬೆಲೆ ಕೇಳಿದರೆ ನಿನಗೆ ಖುಷಿಯಾಗುತ್ತದೆ.

ನಮ್ಮ ಮನೆಗೂ ಕೇಳಿಕೊಂಡು ಬಂದಿದ್ದರು. ಅದನ್ನು ಆಮೇಲೆ ಹೇಳುತ್ತೇನೆ.

ಅಜ್ಜಿ ಮುಂಡಗೋಡಿನ ಕಡೆಯಿಂದ ಗಂಡನ ಜೊತೆ ಕಾಫಿ ತೋಟದ ಕೆಲಸಕ್ಕೆ ಬಂದವರು ಅನ್ನುವುದು ನಿನಗೆ ಗೊತ್ತು. ಊರಲ್ಲಿ ನೆರೆಮನೆಯ, ಆಫ್ರಿಕಾ ಮೂಲದ ಸಿದ್ದಿ ಹೆಂಗಸರ ಜೊತೆ ಕುಳಿತು ಹೊಲಿಯಲು ಕಲಿತರಂತೆ. ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿಗಳು ಅದನ್ನು ಕವಂದಿ ಅನ್ನುತ್ತಾರೆ. ಅಂಚಿನಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿದ ಹೂವು ಇಡುತ್ತಾರೆ. ಮೂಲೆಯಲ್ಲಿ ಹೂವಿಲ್ಲದಿದ್ದರೆ ಕವಂದಿ ಬೆತ್ತಲೆ ಎಂದು ಅವರ ಮಾತು. ನಮ್ಮ ಅಜ್ಜಿ ನಡುವಿನ ಕೊನೆಯ ತೇಪೆಯೊಳಗೆ ನಾಲ್ಕು ಅಕ್ಕಿ ಕಾಳು ಹಾಕಿ ಹೊಲಿಯುತ್ತಿದ್ದರು, ನೆನಪಿದೆಯಾ? "ಅದರ ಹೊಟ್ಟಿ ತುಂಬ್ಲಿ" ಅನ್ನುತ್ತಿದ್ದರು. ನೀನು ಆ ಕಾಳನ್ನು ಹೊರಗಿನಿಂದ ಮುಟ್ಟಿ ಮುಟ್ಟಿ ಎಣಿಸುತ್ತಿದ್ದೆ. ದಾರ ಉದ್ದ ಎಳೆದುಕೊಂಡರೆ ಬೈಯುತ್ತಿದ್ದರು. "ಮೊಳಕ್ಕಿಂತ ಜಾಸ್ತಿ ತಗೋಬ್ಯಾಡ, ಸಿಕ್ಕಾಗತೈತಿ." ರಾತ್ರಿ ಊಟಕ್ಕೆ ಕುಳಿತಾಗ ನೀನು ಅದೇ ದನಿಯಲ್ಲಿ ನಮಗೆಲ್ಲ ಹೇಳಿ ತೋರಿಸುತ್ತಿದ್ದೆ.

ಇಷ್ಟೆಲ್ಲ ಕೊಟ್ಟವರಿಗೆ ನನ್ನ ಮುಖ ನೆನಪಿಲ್ಲದೇ ಹೋದರೆ ಎಂದು ನಿನಗೆ ಭಯ. ಭಯ ಪಡಬೇಡ ಅನ್ನಲಾರೆ. ಒಂದು ಮಧ್ಯಾಹ್ನದ ವಿಷಯ ಹೇಳುತ್ತೇನೆ, ನಿಮ್ಮಮ್ಮನಿಗೂ ಹೇಳಿಲ್ಲ.

ನಿನ್ನ ಸ್ವಂತ ಅಜ್ಜಿಯ, ನನ್ನ ಅಮ್ಮನ, ಕೊನೆಯ ವರ್ಷ ಹೇಗಿತ್ತು ಎಂದು ನಿನಗೆ ಗೊತ್ತು. ಅವತ್ತು ಹೊರಗೆ ಆಟಿ ತಿಂಗಳ ಮಳೆ. ಅಮ್ಮನ ಕೌದಿ ಒದ್ದೆಯಾಗಿತ್ತು. ಆ ಮಳೆಯಲ್ಲಿ ಕೌದಿ ಒಣಗಬೇಕಾದರೆ ಎಂಟು ಹತ್ತು ದಿನ ಬೇಕು, ಅದಕ್ಕೇ ಮೃಗಶಿರ ಮಳೆ ಹಿಡಿಯುವ ಮೊದಲೇ ಒಗೆದು ಮುಗಿಸಬೇಕು. ನಾನು ಅದನ್ನು ಒಲೆಯ ಪಕ್ಕ ಹರಡಿಕೊಂಡು ಕುಳಿತಿದ್ದೆ. ಅಮ್ಮ ಹತ್ತಿರ ಬಂದು ಕುಳಿತಳು. ತೇಪೆಗಳ ಮೇಲೆ ಬೆರಳು ಇಟ್ಟು ಒಂದೊಂದಾಗಿ ಹೇಳುತ್ತಾ ಹೋದಳು. ಇದು ನಿಮ್ಮಪ್ಪನ ಅಂಗಿ. ಇದು ಬಾಣಂತನದ ಸೀರೆ. ಇದು ದೊಡ್ಡವಳ ಲಂಗ. ದೊಡ್ಡವಳು ನಾನೇ. ಅದು ನನ್ನ ಲಂಗ. "ಅಮ್ಮಾ, ದೊಡ್ಡವಳು ಎಲ್ಲಿದ್ದಾಳೆ?" ಎಂದು ಕೇಳಿದೆ. ಕೇಳಬಾರದಿತ್ತು. ಅವಳು ನನ್ನ ಮುಖ ನೋಡಿ, ನಿಮ್ಮಮ್ಮನ ಹೆಸರು ಹಿಡಿದು ಕರೆದು, "ಅವಳು ಬರುವುದಿಲ್ಲ ಕಣೇ, ಅವಳಿಗೆ ತೋಟದ ಕೆಲಸ" ಅಂದಳು.

ಎದೆಗೆ ಏನೋ ಬಡಿದ ಹಾಗಾಯಿತು. ಆದರೆ ನಾನು ಎದ್ದು ಹೋಗಲಿಲ್ಲ. ಕೌದಿಯ ಇನ್ನೊಂದು ಮಗ್ಗುಲು ತಿರುಗಿಸಿದೆ. ಅವಳು ಆ ಕಡೆಯ ತೇಪೆಗಳನ್ನೂ ಹೇಳಿದಳು. ಸಂಜೆಯ ತನಕ ಹಾಗೇ ಕುಳಿತಿದ್ದೆವು. ಈಗ ಅಮ್ಮನನ್ನು ನೆನೆಸಿಕೊಂಡರೆ ಮೊದಲು ಬರುವುದು ಆ ಮಧ್ಯಾಹ್ನವೇ. ನೀನು ಹೆದರುತ್ತಿರುವುದು ನನಗೆ ಆಗಿಹೋಗಿದೆ ಪುಟ್ಟಿ. ನೋವಾಯಿತು. ಆದರೆ ಅಲ್ಲಿ ಇರಲಿಲ್ಲ ಅನ್ನುವ ನೋವು ಇಲ್ಲ. ಟೀಚರ್ ವಿಷಯದಲ್ಲಿ ಅದು ಇದೆ.

ಇದಕ್ಕೇ ಒಂದು ಮಾತು, ತಪ್ಪು ತಿಳಿಯಬೇಡ. ಅಜ್ಜಿಯ ಎದುರು ಹೋಗಿ "ನನ್ನ ಗುರುತು ಸಿಕ್ಕಿತಾ?" ಎಂದು ಮಾತ್ರ ಕೇಳಬೇಡ. ನಾವೆಲ್ಲ ಪ್ರೀತಿಯಿಂದಲೇ ಕೇಳುತ್ತೇವೆ, ಆದರೆ ವಯಸ್ಸಾದವರಿಗೆ ಅದು ಪರೀಕ್ಷೆ ಇಟ್ಟ ಹಾಗೆ. ಹತ್ತಿರ ಕುಳಿತು, ಸ್ವಲ್ಪ ಗಟ್ಟಿಯಾಗಿ ನಿನ್ನ ಹೆಸರು ಹೇಳು, ನಮ್ಮ ಮನೆಯ ಹೆಸರು ಹೇಳು, ಬೇಸಿಗೆ ರಜೆಯಲ್ಲಿ ಬರುತ್ತಿದ್ದೆ ಅನ್ನು. ಆಮೇಲೆ ಅವರಿಗೆ ಬಿಟ್ಟಿದ್ದು. ಇದೆಲ್ಲ ನಿನಗೆ ಗೊತ್ತಿರುತ್ತದೆ, ಆದರೂ ಬರೆದೆ.

ವೇದಿಕೆಯ ಹತ್ತಿರವೂ ಹೋಗಬೇಡ ಅನ್ನಿಸುತ್ತದೆ. ಅಲ್ಲಿ ಹಾರ, ಶಾಲು, ಫೋಟೋ, ನೂಕುನುಗ್ಗಲು. ಆ ಗದ್ದಲದಲ್ಲಿ ಅವರಿಗೆ ಸ್ವಂತ ಮಗನ ಗುರುತು ಸಿಕ್ಕರೂ ಜಾಸ್ತಿ. ಶನಿವಾರವೇ ಬಂದುಬಿಡು. ಭಾನುವಾರ ಬೆಳಿಗ್ಗೆ ಅವರ ಮನೆಗೇ ಹೋಗೋಣ. ಶಾಲು ತರಬೇಡ, ಅವತ್ತು ಅವರಿಗೆ ರಾಶಿ ಶಾಲು ಬೀಳುತ್ತದೆ. ಹಳೆಯ ಕಾಟನ್ ಸೀರೆ ಇದ್ದರೆ ತಾ, ಮೆತ್ತಗಾಗಿರುವಂಥದ್ದು. ಸಿಂಥೆಟಿಕ್ ಬೇಡ, ಸೂಜಿ ಜಾರುತ್ತದೆ, ಬೆವರೂ ಹೀರುವುದಿಲ್ಲ ಎಂದು ಅವರು ಮುಟ್ಟುವುದಿಲ್ಲ. ಕಣ್ಣು ದೊಡ್ಡದಿರುವ ಸೂಜಿ ಸಿಕ್ಕರೆ ಒಂದು ಪ್ಯಾಕೆಟ್. ನನಗೆ ತೋಚಿದ್ದು ಇಷ್ಟೇ, ನಿನಗೆ ಬೇರೆ ಅನ್ನಿಸಿದರೆ ಹಾಗೇ ಮಾಡು.

ನೀನು ಇಲ್ಲಿ ಬಿಟ್ಟುಹೋದ ಅರ್ಧ ಹೊಲಿದ ಮಗುವಿನ ಕೌದಿ ನನ್ನ ಟ್ರಂಕಿನಲ್ಲಿದೆ. "ಮುಂದಿನ ರಜೆಗೆ ಮುಗಿಸುತ್ತೇನೆ" ಎಂದು ಅಜ್ಜಿಗೆ ಹೇಳಿದ್ದೆ. ಮುಂದಿನ ರಜೆಗೆ ಟ್ಯೂಷನ್ ಬಂತು, ಆಮೇಲೆ ಕಾಲೇಜು ಬಂತು. ಅದರಲ್ಲಿ ನಿನ್ನ ತಪ್ಪೇನಿದೆ? ಅದೇ ನಿನ್ನನ್ನು ಕಾಡುತ್ತಿದೆಯಾ? ಗುರುತು ಸಿಗುವುದಿಲ್ಲ ಅನ್ನುವ ಭಯದ ಹಿಂದೆ ಅದೂ ಇದೆಯೇನೋ ಅನ್ನಿಸಿತು. ಇಲ್ಲದಿದ್ದರೆ ಬಿಡು. ಅದನ್ನು ತೆಗೆದುಕೊಂಡು ಹೋಗಬೇಕೋ ಬೇಡವೋ ನೀನೇ ನೋಡು.

ಈಗ ನಮ್ಮ ಮನೆಯ ಕೌದಿಯ ವಿಷಯ. ಇದನ್ನು ಬರೆಯದೆ ನಿನಗೆ ಬುದ್ಧಿ ಹೇಳುವ ಹಕ್ಕು ನನಗಿಲ್ಲ.

1996ರಲ್ಲಿ ಅಜ್ಜಿಯಿಂದ ಹಾಸಿಗೆಯಗಲದ ಕೌದಿ ಹೊಲಿಸಿದೆ. ಆರು ಸೀರೆ ಕೊಟ್ಟಿದ್ದೆ. ಅವರು 300 ರೂಪಾಯಿ ಕೇಳಿದರು. ಬಟ್ಟೆ ನಮ್ಮದು, ಹಳೇ ಸೀರೆ ಜೋಡಿಸುವುದಕ್ಕೆ ಅಷ್ಟು ದುಡ್ಡಾ ಎಂದೆ. ಜಗುಲಿಯಲ್ಲಿ ನಿಲ್ಲಿಸಿಕೊಂಡೇ ಚೌಕಾಸಿ ಮಾಡಿದೆ. 180ಕ್ಕೆ ಇಳಿಸಿದೆ. ಅವರು ಏನೂ ಮಾತಾಡಲಿಲ್ಲ. ಹಗಲೆಲ್ಲ ತೋಟದಲ್ಲಿ ಕೆಲಸ, ರಾತ್ರಿ ಬುಡ್ಡಿ ದೀಪದಲ್ಲಿ ಹೊಲಿಗೆ, ಎರಡು ತಿಂಗಳು. ತಂದುಕೊಟ್ಟಾಗ ನೋಡಿದೆ, ಹೊಲಿಗೆ ಒಂದೊಂದೂ ಅಕ್ಕಿ ಕಾಳಿನಷ್ಟು. ನಾಲ್ಕು ಮೂಲೆಗೂ ಹೂವು. 180 ರೂಪಾಯಿಗೆ ಹೂವು ಬಿಟ್ಟಿರಬಹುದಿತ್ತು. ಬಿಟ್ಟಿರಲಿಲ್ಲ.

ಆವತ್ತು ನನಗೆ ಏನೂ ಅನ್ನಿಸಲಿಲ್ಲ, ಅದನ್ನೂ ಹೇಳಬೇಕು. ಎಷ್ಟೋ ವರ್ಷದ ಮೇಲೆ ನೀನು ದೊಡ್ಡಪ್ಪನಿಗೆ ಅಮೆರಿಕದ ಅಂಚೆ ಚೀಟಿಗಳ ಚಿತ್ರ ತಂದುಕೊಟ್ಟೆಯಲ್ಲ, ಆಗ ಅನ್ನಿಸಿತು. ಅಲಬಾಮಾದ ಜೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಂಗಸರ ಕೌದಿಗಳು. ಹೊಲದಲ್ಲಿ ದುಡಿದು ಹರಿದ ಪ್ಯಾಂಟು, ಅಂಗಿಗಳನ್ನೇ ಜೋಡಿಸಿ ಹೊಲಿದವರು. 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಅವನ್ನು ಗೋಡೆಗೆ ಹಾಕಿದರು, 2006ರಲ್ಲಿ ಹತ್ತು ಅಂಚೆ ಚೀಟಿ ಬಂತು ಎಂದು ನೀನು ಓದಿ ಹೇಳುತ್ತಿದ್ದೆ. ದೊಡ್ಡಪ್ಪ ಭೂತಗನ್ನಡಿ ಹಿಡಿದು ನೋಡುತ್ತಿದ್ದರು. ನಾನು ಅಡುಗೆಮನೆಯಲ್ಲಿ ನಿಂತು ಕೇಳುತ್ತಿದ್ದೆ. ನನ್ನ ಹಾಸಿಗೆಯ ಮೇಲೂ ಅಂಥದ್ದೇ ಒಂದು ಇತ್ತು.

ಉಳಿದ 120 ರೂಪಾಯಿ ಕೊಡಲು ಆಮೇಲೆ ಎಷ್ಟು ಸಲ ಹೊರಟಿದ್ದೇನೋ. ಈಗ ಏನೆಂದು ಕೊಡುವುದು? ಸಂತೆಯಲ್ಲಿ ಅವರು ಕಂಡರೆ ಇನ್ನೊಂದು ಸಾಲಿನ ಅಂಗಡಿಗೆ ಹೋಗಿದ್ದೇನೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಕ್ಕಂದೂರು ಕಡೆಯವರೆಲ್ಲ ಮನೆ ಬಿಟ್ಟು ಬಂದಾಗ, ನಿರಾಶ್ರಿತರ ಶಿಬಿರಕ್ಕೆಂದು ನಾವು ಕಂಬಳಿ ಕೂಡಿಸುತ್ತಿದ್ದೆವು. ಅಜ್ಜಿ ಮಳೆಯಲ್ಲಿ ನೆನೆಯುತ್ತಾ ಬಂದು ಎರಡು ಕೌದಿ ಇಟ್ಟರು. ಅವರು ಹೊದೆಯುವುದೇ ಅವೆರಡು. ನಾನು ಅಲ್ಲೇ ಇದ್ದೆ. ತಲೆ ತಗ್ಗಿಸಿ ಲೆಕ್ಕ ಬರೆಯುತ್ತಾ ಕುಳಿತೆ. ಮಾತಾಡಿಸಲಿಲ್ಲ.

ಈಗ ಅದೇ ಕೌದಿ ನಮ್ಮ ಮನೆಯ ಹೆಸರಿನ ಚೀಟಿ ಹೊತ್ತು ಅವರ ಎದುರಿಗೇ ನೇತಾಡುತ್ತದೆ. ಕೇಳಲು ಬಂದ ಹುಡುಗರಿಗೆ ಕೊಡುತ್ತೇನೆ ಎಂದಿದ್ದೇನೆ. ನಿನಗೆ ಅಜ್ಜಿಗೆ ಗುರುತು ಸಿಗುವುದಿಲ್ಲ ಎಂದು ಭಯ. ನನಗೆ ಸಿಗುತ್ತದೆ ಎಂದು ಭಯ. ನಿನ್ನ ಆ ಒಂದು ಸಾಲು ಓದಿದ ಮೇಲೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ನೀನು ಬರದಿದ್ದರೆ ನಾನೂ ಏನಾದರೂ ನೆಪ ಹೇಳಿ ಉಳಿದುಬಿಡುತ್ತೇನೆ. ನನ್ನನ್ನು ನಾನು ಬಲ್ಲೆ.

ಬೆಂಗಳೂರಿನಿಂದ ನೇರ ಬಸ್ಸು ಸಿಗದಿದ್ದರೆ ಕುಶಾಲನಗರದ ತನಕ ಬಾ. ಅಲ್ಲಿಂದ ಸೋಮವಾರಪೇಟೆಗೆ, ಆಮೇಲೆ ಇಲ್ಲಿಗೆ. ತುಂಬಾ ಕತ್ತಲಾದರೆ ಫೋನ್ ಮಾಡು, ಪಕ್ಕದ ಮನೆಯವರ ಜೀಪು ಕಳಿಸುತ್ತೇನೆ. ಸ್ವೆಟರ್ ಮರೆಯಬೇಡ, ಈ ಸಲ ಬೆಳಗಿನ ಚಳಿ ಜಾಸ್ತಿ.

ಕೌದಿಯನ್ನು ಬಿಸಿಲಿಗೆ ಹಾಕಿದ್ದೇನೆ. ಒಂದು ಮೂಲೆಯ ಹೂವು ಸ್ವಲ್ಪ ಬಿಟ್ಟುಕೊಂಡಿದೆ. ನಾನೇ ಹೊಲಿಯೋಣ ಎಂದು ಸೂಜಿಗೆ ದಾರ ಪೋಣಿಸಿದೆ, ಆಮೇಲೆ ಬೇಡ ಅನ್ನಿಸಿ ಹಾಗೇ ಬಿಟ್ಟೆ. ಅವತ್ತು ಬೆಳಿಗ್ಗೆ ಅವರ ಮನೆಗೆ ಹೋಗುವಾಗ ಅದನ್ನೂ ಹಿಡಿದುಕೊಂಡು ಹೋಗೋಣ. ಭವನಕ್ಕೆ ಆಮೇಲೆ ಕೊಟ್ಟರಾಯಿತು. ಭಾರ ಇದೆ, ಒಬ್ಬಳ ಕೈಯಲ್ಲಿ ಆಗುವುದಿಲ್ಲ.

ಯಾವ ಬಸ್ಸಿಗೆ ಬರುತ್ತೀಯ ಎಂದು ತಿಳಿಸು.

ನಿನ್ನ
ದೊಡ್ಡಮ್ಮ