ಲಕ್ಷ್ಮೀದೇವಮ್ಮನ ಹೆಸರನ್ನು ಒಪ್ಪದ ಅರ್ಜಿ

ಚಿ. ಸುಹಾಸನಿಗೆ ಅತ್ತೆಯ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನೀನು ಕಟ್ಟುತ್ತಿರುವ ಸಹಕಾರ ಸಂಘದ ಜಾಲತಾಣವನ್ನು ಪುರುಸೊತ್ತಾಗಿ ಕುಳಿತು ನೋಡಿದೆ. ಪುಟಗಳು ಬೇಗ ತೆರೆಯುತ್ತವೆ, ಬಣ್ಣಗಳು ಕಣ್ಣಿಗೆ ಹಿತವಾಗಿವೆ. ಯಾವ ಫ್ರೇಮ್‌ವರ್ಕ್ (ತಾಣ ಕಟ್ಟುವ ಸಿದ್ಧ ಚೌಕಟ್ಟು) ಆರಿಸಿದೆ, ಏಕೆ ಆರಿಸಿದೆ ಎಂದು ನೀನು ಉದ್ದಕ್ಕೆ ಬರೆದಿದ್ದೀಯಲ್ಲ, ಅದರಲ್ಲಿ ನನ್ನ ತಕರಾರಿಲ್ಲ. ಅವು ಬರುತ್ತವೆ, ಹೋಗುತ್ತವೆ. ತಕರಾರು ಇರುವುದು ಸದಸ್ಯತ್ವದ ಅರ್ಜಿಯ ಬಗ್ಗೆ. ಹೆಸರಿನ ಜಾಗದಲ್ಲಿ ‘ಲಕ್ಷ್ಮೀದೇವಮ್ಮ’ ಎಂದು ಕನ್ನಡದಲ್ಲಿ ತುಂಬಿದರೆ ‘ಸರಿಯಾದ ಹೆಸರು ಬರೆಯಿರಿ’ ಎಂದು ಕೆಂಪಕ್ಷರದಲ್ಲಿ ಗದರಿಸುತ್ತದೆ. ಅಪ್ಪ ಅಮ್ಮ ಇಟ್ಟ ಹೆಸರನ್ನು ತಪ್ಪು ಎನ್ನಲು ನಿನ್ನ ಪುಟಕ್ಕೆ ಅಧಿಕಾರ ಕೊಟ್ಟವರು ಯಾರಪ್ಪ?

ಕಾರಣ ನಿನ್ನ ರೆಜೆಕ್ಸ್, ಅಂದರೆ ತುಂಬಿದ್ದು ಯಾವ ಮಾದರಿಯಲ್ಲಿರಬೇಕೆಂದು ಪರೀಕ್ಷಿಸುವ ಸೂತ್ರ. ಇಂಗ್ಲಿಷಿನ ಎ ಇಂದ ಜೆಡ್‌ವರೆಗಿನ ಅಕ್ಷರಗಳನ್ನೂ ಖಾಲಿ ಜಾಗವನ್ನೂ ಬಿಟ್ಟರೆ ಬೇರೇನನ್ನೂ ಅದು ಒಳಗೆ ಬಿಡುವುದಿಲ್ಲ. ಇದನ್ನು ತಿದ್ದಲು ಹೊರಟವರು ಸಾಮಾನ್ಯವಾಗಿ ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನ ‘ಎಲ್’ ವರ್ಗವನ್ನು, ಅಂದರೆ ಯಾವ ಭಾಷೆಯ ಅಕ್ಷರವಾದರೂ ಸರಿ ಎನ್ನುವ ನಿಯಮವನ್ನು ಹಾಕಿ ಕೈತೊಳೆದುಕೊಳ್ಳುತ್ತಾರೆ. ಆಗ ಕಮಲ ದಾಟುತ್ತಾಳೆ, ಗಿರಿಜಾ ಸಿಕ್ಕಿಬೀಳುತ್ತಾಳೆ. ಏಕೆಂದರೆ ಗುಡಿಸು, ಕೊಂಬು, ಹಲಂತ, ಅನುಸ್ವಾರ ಎಲ್ಲವೂ ಯೂನಿಕೋಡ್ ಲೆಕ್ಕದಲ್ಲಿ ‘ಎಂ’ ವರ್ಗದವು, ಅಂದರೆ ಅಕ್ಷರಕ್ಕೆ ಅಂಟುವ ಚಿಹ್ನೆಗಳು. ಎರಡೂ ವರ್ಗಗಳನ್ನು ಸೇರಿಸು, ರೆಜೆಕ್ಸಿನ ಕೊನೆಯಲ್ಲಿ, ಈ ವರ್ಗಗಳನ್ನು ಗುರುತಿಸು ಎಂದು ಹೇಳುವ ‘ಯು’ ಫ್ಲ್ಯಾಗ್ ಹಾಕು. ಇನಿಷಿಯಲ್‌ಗಳಿಗೆ ಚುಕ್ಕಿ ಬೇಕು. ಕಣ್ಣಿಗೆ ಕಾಣದ 200ಸಿ, 200ಡಿ ಎಂಬ ಎರಡು ಸಂಕೇತಗಳೂ ಬೇಕು: ‘ರಾಜ್‌ಕುಮಾರ್’ ಎಂಬಲ್ಲಿ ಕಕಾರ ಒತ್ತಾಗದಂತೆ ತಡೆಯುವುದು ಮೊದಲನೆಯದು, ‘ರ‍್ಯಾಂಕ್’ ಎಂಬಲ್ಲಿ ಅರ್ಕಾವೊತ್ತು ಬರದಂತೆ ನೋಡಿಕೊಳ್ಳುವುದು ಎರಡನೆಯದು. ನನ್ನನ್ನು ಕೇಳಿದರೆ, ಹೆಸರಿಗೆ ರೆಜೆಕ್ಸ್ ಹಾಕುವುದೇ ಅಧಿಕಪ್ರಸಂಗ. ಖಾಲಿ ಇಲ್ಲ ಎಂದಷ್ಟೇ ನೋಡಿದರೆ ಸಾಕು.

ಉದ್ದದ ಲೆಕ್ಕ ಇದಕ್ಕಿಂತ ಮೋಸದ್ದು. ‘ಲಕ್ಷ್ಮೀ’ ನಮ್ಮ ಪಾಲಿಗೆ ಎರಡೇ ಅಕ್ಷರ. ಪುಟವನ್ನು ನಡೆಸುವ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಲೆಂತ್ (ಉದ್ದ) ಕೇಳಿದರೆ 7 ಎನ್ನುತ್ತದೆ: ಲ, ಕ, ಹಲಂತ, ಷ, ಹಲಂತ, ಮ, ದೀರ್ಘ ಸೇರಿದ ಗುಡಿಸು. ನೀನು ಮ್ಯಾಕ್ಸ್‌ಲೆಂತ್, ಅಂದರೆ ಗರಿಷ್ಠ ಉದ್ದ, 20 ಇಟ್ಟಿದ್ದೀಯ. ‘ಲಕ್ಷ್ಮೀದೇವಮ್ಮ ಕೋಂ ತಿಮ್ಮೇಗೌಡ’ ಎಂದು ಪಹಣಿಯಲ್ಲಿರುವಂತೆ ತುಂಬಲು ಹೋದರೆ ಅದು ‘ಲಕ್ಷ್ಮೀದೇವಮ್ಮ ಕೋಂ ತಿ’ ಎಂಬಲ್ಲಿಗೆ ನಿಂತುಬಿಡುತ್ತದೆ. ಪಾಪ, ಗಂಡನ ಹೆಸರು ಬಾಗಿಲಲ್ಲೇ ಉಳಿಯಿತು. 100 ಇಡು, ಯಾರ ಗಂಟೂ ಹೋಗುವುದಿಲ್ಲ. ನೋಂದಣಿಯ ನಂತರ ಹೋಗುವ ಎಸ್‌ಎಂಎಸ್‌ಗೂ ಈ ಎಚ್ಚರ ಬೇಕು. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಹಿಡಿಸಿದರೆ ಕನ್ನಡದಲ್ಲಿ 70 ಮಾತ್ರ, ಅದೂ ಇದೇ ಬಗೆಯ ಎಣಿಕೆಯಲ್ಲಿ.

ಹೆಸರಿನ ಮೊದಲ ಅಕ್ಷರವನ್ನು ಬಣ್ಣದ ವೃತ್ತದೊಳಗೆ ತೋರಿಸುತ್ತೀಯಲ್ಲ, ಅಲ್ಲಿ ಶ್ರೀನಿವಾಸನಿಗೆ ಬರೀ ‘ಶ’ ಬರುತ್ತಿದೆ. ಸೊನ್ನೆಯನೆಯ ಸ್ಥಾನದ ಸಂಕೇತವನ್ನು ಕಿತ್ತುಕೊಂಡರೆ ಹೀಗೇ ಆಗುವುದು. ಪಠ್ಯವನ್ನು ಅಕ್ಷರಗಳಾಗಿ ಬಿಡಿಸಿಕೊಡುವ, ಬ್ರೌಸರಿನಲ್ಲೇ ಇರುವ ಇಂಟ್ಲ್ ಸೆಗ್ಮೆಂಟರ್ ಬಳಸು. ಕ್ರೋಮ್‌ನಲ್ಲಿ 2020ರಿಂದಲೂ ಇದೆ, ಫೈರ್‌ಫಾಕ್ಸ್‌ಗೆ 2024ರಲ್ಲಿ ಬಂತು. ಅದು ಗುಣಿತವನ್ನು ಒಡೆಯುವುದಿಲ್ಲ, ಆದರೆ ಕನ್ನಡದ ಒತ್ತಕ್ಷರವನ್ನು ಕೂಡಿಸುವುದೂ ಇಲ್ಲ: ‘ಶ್’ ಬೇರೆ, ‘ರೀ’ ಬೇರೆ. ಆದ್ದರಿಂದ ಒಂದು ತುಣುಕು ಹಲಂತದಿಂದ ಮುಗಿದು ಮುಂದಿನದು ವ್ಯಂಜನದಿಂದ ಶುರುವಾದರೆ ಎರಡನ್ನೂ ಅಂಟಿಸುವ ನಾಲ್ಕು ಸಾಲಿನ ಫಂಕ್ಷನ್ ಬರೆದಿಟ್ಟುಕೊ. ನಡುವೆ 200ಸಿ ಇದ್ದರೆ ತುಣುಕು ಹಲಂತದಿಂದ ಮುಗಿಯುವುದಿಲ್ಲವಾದ್ದರಿಂದ ‘ರಾಜ್‌ಕುಮಾರ್’ ತಾನಾಗಿಯೇ ಸರಿಹೋಗುತ್ತದೆ. ಉದ್ದ ಸುದ್ದಿಯನ್ನು ಮೊಟಕುಗೊಳಿಸಲು ಮಾತ್ರ ಸಂಕೇತಗಳನ್ನು ಎಣಿಸಿ ಕತ್ತರಿಸುವ ಸ್ಲೈಸ್‌ಗೆ ಕೈ ಹಾಕಬೇಡ, ಆ ಕೆಲಸವನ್ನು ಪುಟದ ಅಂದ ನೋಡಿಕೊಳ್ಳುವ ಸಿಎಸ್‌ಎಸ್‌ನಲ್ಲಿ, ಕೊನೆಗೆ ಮೂರು ಚುಕ್ಕಿ ಹಾಕುವ ಎಲಿಪ್ಸಿಸ್‌ಗೆ ಬಿಡು.

ಹುಡುಕಾಟದಲ್ಲಿ ಹೆಸರು ಕಣ್ಣೆದುರಿಗಿದ್ದರೂ ಸಿಗುವುದಿಲ್ಲ ಎಂದು ನೀನು ಬರೆದಿದ್ದೆ. ‘ಮೀ’ಯಲ್ಲಿನ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಗುಡಿಸು ಮತ್ತು ದೀರ್ಘ ಎಂದು ಎರಡಾಗಿಯೂ ಇಡಬಹುದು. ತೆರೆಯ ಮೇಲೆ ಎರಡೂ ಒಂದೇ, ಹೋಲಿಸಿದರೆ ಬೇರೆ ಬೇರೆ. ಉಳಿಸುವಾಗಲೂ ಹುಡುಕುವಾಗಲೂ ನಾರ್ಮಲೈಸ್ ಮಾಡಿ, ಬಿಡಿ ಸಂಕೇತಗಳನ್ನು ಒಂದಾಗಿ ಕೂಡಿಸುವ ಎನ್‌ಎಫ್‌ಸಿ ರೂಪಕ್ಕೆ ತಾ. ‘ನುಡಿ’ ಎಂಬ ಹಳೆಯ ಕನ್ನಡ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದನ್ನು ಯಾರಾದರೂ ತಂದು ಅಂಟಿಸಿದರೆ ಇದರಿಂದ ಪ್ರಯೋಜನವಿಲ್ಲ. ಅಲ್ಲಿ ಲ್ಯಾಟಿನ್ ಸಂಕೇತಗಳ ಜಾಗದಲ್ಲಿ ಕನ್ನಡದ ಆಕಾರಗಳು ಕುಳಿತಿರುತ್ತವೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಲೇಬೇಕು. ಸಂಘದ ಗುಮಾಸ್ತರ ಬಳಿ ಅಂಥ ಕಡತಗಳು ಇವೆಯೇ ಎಂದು ಈಗಲೇ ಕೇಳಿಟ್ಟುಕೊ.

ಅಂದದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಗುಂಡಿಗಳಿಗೆ ಲೈನ್-ಹೈಟ್ (ಸಾಲಿನ ಎತ್ತರ) 1.2 ಇಟ್ಟು ಓವರ್‌ಫ್ಲೋ (ಚೌಕಟ್ಟು ಮೀರಿದ ಭಾಗ) ಮುಚ್ಚಿದ್ದರಿಂದ ‘ರಾಷ್ಟ್ರ’ದ ಒತ್ತು ಕತ್ತರಿಸಿಹೋಗಿದೆ, 1.6 ಮಾಡು. ಶೀರ್ಷಿಕೆಯಲ್ಲಿ ಅಕ್ಷರಗಳ ನಡುವಿನ ಅಂತರ ಹಿಗ್ಗಿಸುವ ಲೆಟರ್-ಸ್ಪೇಸಿಂಗ್ ತೆಗೆ. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಒಪ್ಪುವುದೆಲ್ಲ ನಮ್ಮ ಲಿಪಿಗೆ ಒಪ್ಪುವುದಿಲ್ಲ. ಎಚ್‌ಟಿಎಂಎಲ್ ಟ್ಯಾಗಿನಲ್ಲಿ ಭಾಷೆ ಇನ್ನೂ ‘ಇಎನ್’ ಎಂದೇ ಇದೆ. ‘ಕೆಎನ್’ ಮಾಡದಿದ್ದರೆ ದೃಷ್ಟಿಯಿಲ್ಲದವರ ಸ್ಕ್ರೀನ್ ರೀಡರ್ ಕನ್ನಡವನ್ನು ಇಂಗ್ಲಿಷ್ ದನಿಯಲ್ಲಿ ಓದಲು ಹೋಗಿ ಎಡವುತ್ತದೆ. ಷೇರು ಮೊತ್ತವನ್ನು ಅಂಕಿಗಳಿಗೆ ಅಲ್ಪವಿರಾಮ ಹಾಕಿಕೊಡುವ ಇಂಟ್ಲ್ ನಂಬರ್‌ಫಾರ್ಮ್ಯಾಟ್‌ಗೆ ‘ಇಎನ್-ಐಎನ್’ (ಭಾರತದ ಇಂಗ್ಲಿಷ್) ಕೊಟ್ಟು ತೋರಿಸು, 12,34,567 ಎಂದು ಲಕ್ಷದ ಲೆಕ್ಕದಲ್ಲೇ ಬರುತ್ತದೆ.

ರೆಜೆಕ್ಸ್ ಮತ್ತು ಮ್ಯಾಕ್ಸ್‌ಲೆಂತ್ ಎರಡನ್ನು ಇವತ್ತೇ ತಿದ್ದು, ಅವು ಜನರನ್ನು ಹೊರಗೆ ನಿಲ್ಲಿಸುತ್ತಿವೆ. ವೃತ್ತದೊಳಗಿನ ‘ಶ’ ಒಂದು ವಾರ ಕಾದರೂ ನಡೆಯುತ್ತದೆ. ತಿದ್ದಿದ ಮೇಲೆ ಅತ್ತಿಗೆಯ ಮೊಬೈಲಿನಲ್ಲಿ, ಅವಳ ಕೈಯಿಂದಲೇ ಒಂದು ಅರ್ಜಿ ತುಂಬಿಸು. ನಡುವೆ ಬಾಯಿ ಹಾಕದೆ ಪಕ್ಕದಲ್ಲಿ ಕುಳಿತಿರು. ಎಲ್ಲಿ ತಡೆಯಿತೆಂದು ನನಗೆ ಬರೆದು ತಿಳಿಸು.

ಇಂತು,
ನಿನ್ನ ಅತ್ತೆ