ಒಂದು ಸಂಜೆಗೆ ಎರಡು ಸಿನಿಮಾ: ಜೋಡಿಸುವವರಿಗೆ ಕೆಲವು ಮಾತು

ಮಾನ್ಯ ಸಂಪಾದಕರೇ,

ಪತ್ರಿಕೆಗಳ ‘ಇಂದಿನ ಕಾರ್ಯಕ್ರಮ’ ಪಟ್ಟಿಯಲ್ಲಿ ಚಿತ್ರ ಪ್ರದರ್ಶನದ ಸುದ್ದಿ ಬಂದಾಗ ಚಿತ್ರದ ಹೆಸರು, ಸ್ಥಳ, ಸಮಯ ಬಿಟ್ಟರೆ ಬೇರೇನೂ ಇರುವುದಿಲ್ಲ. ಬಿಡುಗಡೆಯಾದ ವರ್ಷ, ಎಷ್ಟು ನಿಮಿಷದ್ದು, ಯಾವ ಪ್ರಮಾಣಪತ್ರ, ಯಾವ ಭಾಷೆಯ ಸಬ್‌ಟೈಟಲ್ ಎಂಬ ನಾಲ್ಕು ವಿವರಗಳನ್ನೂ ಸೇರಿಸಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇವೆ. ಒಂದೇ ಸಂಜೆ ಎರಡು ಚಿತ್ರ ತೋರಿಸುವ ಸಂಘಗಳು ಈಗ ಅಲ್ಲಲ್ಲಿ ಹುಟ್ಟುತ್ತಿವೆ. ಇಂಥ ಸಂಜೆ ಗೆಲ್ಲುವುದೂ ಸೋಲುವುದೂ ಬಹುಪಾಲು ಈ ನಾಲ್ಕು ವಿವರಗಳ ಮೇಲೆಯೇ.

ನಮ್ಮ ಚಿತ್ರಸಂಘಗಳು ಪ್ರಶಸ್ತಿ ಪಡೆದ ಚಿತ್ರಗಳನ್ನು ಶ್ರದ್ಧೆಯಿಂದ ತೋರಿಸುತ್ತವೆ. ದೆವ್ವ, ಗೂಢಚಾರ, ಕೊಲೆ, ವಿಜ್ಞಾನಕಲ್ಪನೆಯ ಚಿತ್ರಗಳು ಮಾತ್ರ ಹೊರಗೇ ಉಳಿಯುತ್ತವೆ. ಕಡಿಮೆ ದುಡ್ಡಿನಲ್ಲಿ, ಕಡಿಮೆ ದಿನಗಳಲ್ಲಿ ತೆಗೆದ ಈ ಚಿತ್ರಗಳಲ್ಲಿ ಕೆಲಸಗಾರಿಕೆ ಎಷ್ಟಿದೆ ಎಂಬುದು ಒಂದನ್ನು ಮಾತ್ರ ನೋಡಿದಾಗ ಅಷ್ಟಾಗಿ ಕಾಣುವುದಿಲ್ಲ. ಸರಿಯಾದ ಇನ್ನೊಂದರ ಪಕ್ಕ ಇಟ್ಟಾಗ ಎದ್ದು ಕಾಣುತ್ತದೆ. ಹಾಗಾಗಿಯೇ ಇವುಗಳನ್ನು ಜೋಡಿಯಾಗಿ ತೋರಿಸಿ ಎನ್ನುತ್ತೇವೆ.

ಮೊದಲಿಗೆ ಅವಧಿಯ ಮಾತು. 1940ರ ದಶಕದಲ್ಲಿ ಅಮೆರಿಕದ ಆರ್‌ಕೆಒ ಸ್ಟುಡಿಯೊ ನಿರ್ಮಾಪಕ ವಾಲ್ ಲ್ಯೂಟನ್‌ಗೆ ಹಾರರ್ ಚಿತ್ರಗಳ ಘಟಕವೊಂದನ್ನು ವಹಿಸಿತು. ಕಟ್ಟಳೆ ಸರಳ: ಶೀರ್ಷಿಕೆ ಸ್ಟುಡಿಯೊ ಕೊಡುತ್ತದೆ, ಖರ್ಚು ಒಂದೂವರೆ ಲಕ್ಷ ಡಾಲರ್ ಮೀರಬಾರದು, ಅವಧಿ 75 ನಿಮಿಷ ದಾಟಬಾರದು. ಜೋಡಿ ಪ್ರದರ್ಶನದ ಒಂದು ಭಾಗವಾಗಲೆಂದೇ ಹುಟ್ಟಿದ ಚಿತ್ರಗಳು ಇವು. ಆ ಘಟಕದ ಮೊದಲ ಎರಡು ಚಿತ್ರ ‘ಕ್ಯಾಟ್ ಪೀಪಲ್’ (1942, 73 ನಿಮಿಷ) ಮತ್ತು ‘ಐ ವಾಕ್ಡ್ ವಿತ್ ಎ ಜೋಂಬಿ’ (1943, 69 ನಿಮಿಷ). ಎರಡರ ನಿರ್ದೇಶಕರೂ ಜಾಕ್ ಟೂರ್ನರ್. ಎರಡೂ ಸೇರಿದರೆ 142 ನಿಮಿಷ, ನಮ್ಮ ಹಳೆಯ ಕನ್ನಡ ಚಿತ್ರವೊಂದರ ಅವಧಿ. ಸಂಜೆ 5ಕ್ಕೆ ಮೂರು ನಿಮಿಷದ ಪರಿಚಯ ಹೇಳಿ 5.05ಕ್ಕೆ ಶುರು ಮಾಡಿದರೆ ಮೊದಲನೆಯದು 6.18ಕ್ಕೆ ಮುಗಿಯುತ್ತದೆ. ಚಹಾ ಕುಡಿದು 6.40ಕ್ಕೆ ಎರಡನೆಯದು ಹಾಕಿದರೆ 7.50ರೊಳಗೆ ಮುಗಿದು, ಅರ್ಧ ಗಂಟೆ ಚರ್ಚೆ ನಡೆಸಿಯೂ ಎಲ್ಲರೂ ಊರ ಬಸ್ಸು ಹಿಡಿಯಬಹುದು.

ಈ ಎರಡನ್ನೂ ಕಟ್ಟುವ ಎಳೆ ರಾತ್ರಿಯ ನಡಿಗೆ. ಮೊದಲನೆಯದರಲ್ಲಿ ಉದ್ಯಾನದ ಪಕ್ಕದ ರಸ್ತೆಯಲ್ಲಿ ಹೆಣ್ಣೊಬ್ಬಳು ನಡೆಯುತ್ತಾಳೆ. ಹಿಂದಿನ ಹೆಜ್ಜೆ ಸದ್ದು ಇದ್ದಕ್ಕಿದ್ದಂತೆ ನಿಲ್ಲುತ್ತದೆ, ಆಮೇಲೆ ಒಂದು ಬಸ್ಸು ಬುಸ್ಸೆಂದು ಬಂದು ನಿಲ್ಲುತ್ತದೆ. ಈಚಿನ ಹಾರರ್ ಚಿತ್ರಗಳ ಬೆಚ್ಚಿಬೀಳಿಸುವ ತಂತ್ರಕ್ಕೆಲ್ಲ ಈ ಬಸ್ಸೇ ಮೂಲ. ಎರಡನೆಯದರಲ್ಲಿ ಕೆರಿಬಿಯನ್ ದ್ವೀಪವೊಂದರ ಕಬ್ಬಿನ ಗದ್ದೆಯ ನಡುವೆ ನರ್ಸ್ ಒಬ್ಬಳು ತನ್ನ ರೋಗಿಯನ್ನು ಕರೆದುಕೊಂಡು ಹೋಗುತ್ತಾಳೆ. ಅಲ್ಲಿ ಬೆಚ್ಚಿಬೀಳಿಸುವ ಸದ್ದೇ ಇಲ್ಲ. ಮೊದಲ ಚಿತ್ರದ ಬಸ್ಸನ್ನು ಕೇಳಿ ಬಂದ ಕಿವಿ ಇಲ್ಲೂ ಹಾಗೇ ಏನೋ ಬಂತೆಂದು ಕಾಯುತ್ತದೆ, ಆ ಕಾಯುವಿಕೆಯೇ ದೃಶ್ಯವನ್ನು ಹಿಂಡಿ ಬಿಗಿ ಮಾಡುತ್ತದೆ. ಕ್ರಮ ತಿರುಗಿಸಿದರೆ ಇದು ಸಿಗುವುದಿಲ್ಲ. ಜೋಡಿಯ ಗುಣ ಕ್ರಮದಲ್ಲಿದೆ ಎಂದು ನಾವು ಒತ್ತಿ ಹೇಳುವುದು ಇದಕ್ಕೇ.

ಹೊಸದಾಗಿ ಶುರು ಮಾಡುವ ಸಂಘಗಳಿಗೆ, ಅದರಲ್ಲೂ ಇಂಗ್ಲಿಷ್ ಸಬ್‌ಟೈಟಲ್ ಓದಲು ಎಲ್ಲರಿಗೂ ಆಗದ ಊರುಗಳಿಗೆ, ನಾವು ಸೂಚಿಸುವ ಜೋಡಿ ಬೇರೆ: ಮಾತೇ ಇಲ್ಲದ ಎರಡು ಚಿತ್ರ. ರಸೆಲ್ ರೌಸ್ ನಿರ್ದೇಶನದ ‘ದಿ ಥೀಫ್’ (1952, 86 ನಿಮಿಷ) ಅಣುವಿಜ್ಞಾನಿಯೊಬ್ಬ ಗುಟ್ಟು ಕದ್ದು ಸಾಗಿಸುವ ಕಥೆ. ಉದ್ದಕ್ಕೂ ಒಂದೇ ಒಂದು ಸಂಭಾಷಣೆ ಇಲ್ಲ. ಫೋನು ಹೊಡೆದುಕೊಳ್ಳುತ್ತದೆ, ಅವನು ಎತ್ತುವುದಿಲ್ಲ. ಆ ರಿಂಗೇ ಅವನಿಗೆ ಸಂಕೇತ. ಇದರ ಪಕ್ಕಕ್ಕೆ ಶೃಂಗಾರ್ ನಾಗರಾಜ್ ನಿರ್ಮಿಸಿ ಸಿಂಗೀತಂ ಶ್ರೀನಿವಾಸರಾವ್ ಬೆಂಗಳೂರಿನಲ್ಲೇ ಚಿತ್ರೀಕರಿಸಿದ ‘ಪುಷ್ಪಕ ವಿಮಾನ’ (1987) ಇಡಿ. ಇದರ ನಾಯಕನಿಗೆ ದೊಡ್ಡ ಹೋಟೆಲಿನ ನಿಶ್ಶಬ್ದದಲ್ಲಿ ನಿದ್ದೆ ಬರುವುದಿಲ್ಲ. ತನ್ನ ಹಳೆಯ ಕೋಣೆಯ ಪಕ್ಕದ ಟಾಕೀಸಿನ ಗದ್ದಲವನ್ನು ಟೇಪ್ ಮಾಡಿ ತಂದು ಹಾಕಿಕೊಂಡು ಮಲಗುತ್ತಾನೆ. ಒಂದರಲ್ಲಿ ಸದ್ದು ಎಂದರೆ ಅಪಾಯ, ಇನ್ನೊಂದರಲ್ಲಿ ಜೋಗುಳ. ‘ಪುಷ್ಪಕ ವಿಮಾನ’ವನ್ನು ಟಿವಿಯಲ್ಲಿ ಹಲವು ಸಲ ನೋಡಿದವರೂ ‘ದಿ ಥೀಫ್’ ಆದ ಮೇಲೆ ಅದರ ಸದ್ದನ್ನು ಹೊಸದಾಗಿ ಕೇಳುತ್ತಾರೆ. ಬಿಗಿಯಾದದ್ದು ಮೊದಲು, ನಗಿಸುವುದು ಆಮೇಲೆ. ‘ಪುಷ್ಪಕ ವಿಮಾನ’ ಎರಡು ಗಂಟೆ ದಾಟುವುದರಿಂದ ನಾಲ್ಕು ಗಂಟೆಗೇ ಶುರು ಮಾಡುವುದು ಒಳ್ಳೆಯದು. ಒಟ್ಟು ಅವಧಿ 210 ನಿಮಿಷ ದಾಟಿದರೆ ಎರಡನೆಯ ಚಿತ್ರದ ಕೊನೆಯ ಅರ್ಧ ಗಂಟೆ ಯಾರ ಮನಸ್ಸಿಗೂ ಇಳಿಯುವುದಿಲ್ಲ.

ಕೂಡದ ಜೋಡಿಗಳ ಬಗ್ಗೆಯೂ ಹೇಳಬೇಕು. ಹಾಡಿಲ್ಲದ ಥ್ರಿಲ್ಲರ್ ಎಂದಾಗ ನಮಗೆ ತಟ್ಟನೆ ನೆನಪಾಗುವುದು ಸುನೀಲ್‌ಕುಮಾರ್ ದೇಸಾಯಿಯವರ ‘ತರ್ಕ’ (1989). ಅದಕ್ಕೆ ಅಗಾಥಾ ಕ್ರಿಸ್ಟಿಯ ‘ದಿ ಅನ್‌ಎಕ್ಸ್‌ಪೆಕ್ಟೆಡ್ ಗೆಸ್ಟ್’ ನಾಟಕದ ಸ್ಫೂರ್ತಿ ಇದೆ ಎನ್ನುತ್ತಾರೆ. ಬಿ.ಆರ್. ಚೋಪ್ರಾ ಅವರ ‘ಧುಂದ್’ (1973) ಅದೇ ನಾಟಕದ ಹಿಂದಿ ರೂಪ. ಎರಡನ್ನೂ ಒಟ್ಟಿಗೆ ತೋರಿಸೋಣ ಎಂದು ಯಾರಿಗಾದರೂ ಅನ್ನಿಸುತ್ತದೆ. ಬೇಡ. ಗುಟ್ಟಿನ ಮೇಲೆ ನಿಂತ ಕಥೆಯಲ್ಲಿ ಒಂದನ್ನು ನೋಡಿದವರು ಇನ್ನೊಂದರಲ್ಲಿ ಪಾತ್ರಗಳನ್ನು ಬಿಟ್ಟು ಸುಳಿವುಗಳನ್ನೇ ಹುಡುಕುತ್ತ ಕೂರುತ್ತಾರೆ. ‘ತರ್ಕ’ಕ್ಕೆ ತಕ್ಕ ಜೊತೆ ಯಶ್ ಚೋಪ್ರಾ ಅವರ ‘ಇತ್ತೆಫಾಕ್’ (1969). ಅದರಲ್ಲೂ ಹಾಡಿಲ್ಲ, ಮನೆ, ಒಬ್ಬ ಹೆಂಗಸು, ಹೊರಗಿನಿಂದ ಬಂದ ಗಂಡಸು ಎಂಬ ಹಂದರವೂ ಅದೇ. ಬಿಡಿಸುವ ಗಂಟು ಮಾತ್ರ ಬೇರೆ. ಹಾಗೆಯೇ ಕೈಯಲ್ಲಿ ಹಿಡಿದ ಕ್ಯಾಮೆರಾದಲ್ಲೇ ನಡೆಯುವ ಎರಡು ಹಾರರ್ ಚಿತ್ರಗಳನ್ನು ಸಾಲಾಗಿ ಹಾಕಬಾರದು. ಕನ್ನಡದ ‘6-5=2’ (2013) ಮತ್ತು ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ (1999) ಕಾಗದದ ಮೇಲೆ ಸಹಜ ಜೋಡಿ. ದೊಡ್ಡ ಪರದೆಯ ಮುಂದೆ ಮೂರು ಗಂಟೆ ಅಲುಗಾಡುವ ಚಿತ್ರ ನೋಡಿದರೆ ಮುಂದಿನ ಸಾಲಿನವರಿಗೆ ತಲೆಸುತ್ತು, ವಾಕರಿಕೆ ಬರುತ್ತದೆ. ವಿಷಯ ಒಂದಿರಲಿ, ತಂತ್ರ ಎರಡಿರಲಿ.

ಇತಿಹಾಸವೇ ಕಟ್ಟಿಕೊಟ್ಟ ಜೋಡಿಯೂ ಒಂದಿದೆ. 1973ರಲ್ಲಿ ಬ್ರಿಟನ್ನಿನಲ್ಲಿ ‘ದಿ ವಿಕರ್ ಮ್ಯಾನ್’ ಬಿಡುಗಡೆಯಾದದ್ದು ನಿಕೋಲಸ್ ರೋಗ್ ಅವರ ‘ಡೋಂಟ್ ಲುಕ್ ನೌ’ (110 ನಿಮಿಷ) ಜೊತೆಗಿನ ಸಹಚಿತ್ರವಾಗಿ. ಜಾಗ ಹೊಂದಿಸಲು ‘ದಿ ವಿಕರ್ ಮ್ಯಾನ್’ ಚಿತ್ರವನ್ನು ಸುಮಾರು 88 ನಿಮಿಷಕ್ಕೆ ಕತ್ತರಿಸಿದರು. ಒಂದರಲ್ಲಿ ಕಾಣೆಯಾದ ಹುಡುಗಿಯನ್ನು ಹುಡುಕಿ ಸ್ಕಾಟ್ಲೆಂಡಿನ ದ್ವೀಪಕ್ಕೆ ಬರುವ ಪೊಲೀಸ್ ಸಾರ್ಜೆಂಟ್. ಇನ್ನೊಂದರಲ್ಲಿ ಮಗಳನ್ನು ಕಳೆದುಕೊಂಡು ವೆನಿಸ್ ನಗರದಲ್ಲಿರುವ ದಂಪತಿ. ಎರಡರಲ್ಲೂ ಒಬ್ಬ ಗಂಡಸು ತನ್ನ ನಂಬಿಕೆಯನ್ನೇ ನೆಚ್ಚಿ, ಎದುರಿಗಿರುವುದನ್ನು ಕಾಣದೆ ಹೋಗುತ್ತಾನೆ. ‘ದಿ ವಿಕರ್ ಮ್ಯಾನ್’ ಈಗ 88, 94, 99 ನಿಮಿಷಗಳ ಮೂರು ರೂಪಗಳಲ್ಲಿ ಸಿಗುತ್ತದೆ. ಜೋಡಿಗೆ 2013ರಲ್ಲಿ ಬಂದ 94 ನಿಮಿಷದ್ದೇ ಮೇಲು ಎಂಬುದು ನಮ್ಮ ಅಭಿಪ್ರಾಯ. 88ರದ್ದರಲ್ಲಿ ದ್ವೀಪದ ಮೊದಲ ರಾತ್ರಿ ಅವಸರವಾಗಿ ಕಳೆದುಹೋಗುತ್ತದೆ. ನಡುವೆ 25 ನಿಮಿಷ ಬಿಡುವು ಕೊಡಿ, ಆ ಬಿಡುವಿನಲ್ಲಿ ಚರ್ಚೆ ಬೇಡ. ದೊಡ್ಡವರಿಗೆ ಮಾತ್ರ ಎಂದು ಮೊದಲೇ ಪ್ರಕಟಿಸಿ.

ಕನ್ನಡದ್ದೇ ಒಂದು ತುದಿ ಬೇಕೆಂದರೆ ದೊರೈ-ಭಗವಾನ್ ಅವರ ಸಿಐಡಿ 999 ಗೂಢಚಾರ ಚಿತ್ರಗಳಿವೆ: ‘ಜೇಡರ ಬಲೆ’ ಮತ್ತು ‘ಗೋವಾದಲ್ಲಿ ಸಿಐಡಿ 999’ (ಎರಡೂ 1968), ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’ (1969), ‘ಆಪರೇಷನ್ ಡೈಮಂಡ್ ರಾಕೆಟ್’ (1978). ಇವುಗಳಲ್ಲೇ ಎರಡನ್ನು ಒಂದೇ ದಿನ ಹಾಕಿದರೆ ಉದ್ದವೂ ಹೆಚ್ಚು, ಹೋಲಿಸಲು ಹೊಸದೇನೂ ಸಿಗದು. ‘ಜೇಡರ ಬಲೆ’ಯನ್ನು ಅದೇ 1968ರ, ಡಯಾಬೊಲಿಕ್ ಎಂಬ ಕಳ್ಳನ ಕಥೆಯ ಇಟಲಿಯ ‘ಡೇಂಜರ್: ಡಯಾಬೊಲಿಕ್’ ಜೊತೆ ತೋರಿಸಿ ನೋಡಿ. ಡಯಾಬೊಲಿಕ್‌ನ ನೆಲದಡಿಯ ಭವ್ಯ ಅಡಗುತಾಣವನ್ನು ನಿರ್ದೇಶಕ ಮಾರಿಯೊ ಬಾವಾ ಬಹುಪಾಲು ಚಿತ್ರಿಸಿದ ಹಿನ್ನೆಲೆಗಳಿಂದಲೇ ಹುಟ್ಟಿಸಿದರು. ಅದನ್ನು ನೋಡಿದ ಕಣ್ಣು ನಮ್ಮ ಚಿತ್ರದ ಸೆಟ್ಟು, ದೀಪ, ಜಿ.ಕೆ. ವೆಂಕಟೇಶ್ ಅವರ ಸಂಗೀತವನ್ನು ಗೌರವದಿಂದ ನೋಡುತ್ತದೆ. ಇಲ್ಲಿ ವಿದೇಶಿ ಚಿತ್ರ ಮೊದಲು ಬರಲಿ. ಕನ್ನಡ ಚಿತ್ರಕ್ಕೆ ಅದರದೇ ಇಂಟರ್‌ವಲ್ ಇರುವುದರಿಂದ ಅಲ್ಲಿ ಐದು ನಿಮಿಷ ಮಾತ್ರ ದೀಪ ಹಾಕಿ. ವಿದೇಶಿ ಚಿತ್ರವನ್ನು ಎಲ್ಲೋ ಮಧ್ಯದಲ್ಲಿ ನಿಲ್ಲಿಸಿ ಚಹಾ ಕೊಡುವ ರೂಢಿ ದಯವಿಟ್ಟು ಬಿಡಿ. ಅದನ್ನು ನಡುವೆ ನಿಲ್ಲಲೆಂದು ಕಟ್ಟಿಲ್ಲ.

ಇನ್ನು ಸಭಾಂಗಣದ ಕೆಲಸ. 1950ರ ಮೊದಲಿನ ಚಿತ್ರಗಳ ಚೌಕಟ್ಟು (ಅಗಲ, ಎತ್ತರದ ಅನುಪಾತ) 1.37:1, ಹೆಚ್ಚುಕಡಿಮೆ ಚೌಕ. ಪ್ರೊಜೆಕ್ಟರ್ ಅದನ್ನು 16:9ಕ್ಕೆ ಎಳೆದರೆ ಮುಖಗಳು ಅಗಲವಾಗುತ್ತವೆ. ಪ್ರೊಜೆಕ್ಟರ್ ಮೆನುವಿನಲ್ಲಿ ಎಳೆಯುವ ಆಯ್ಕೆ ತೆಗೆದು, ಎರಡು ಬದಿಗೆ ಕಪ್ಪು ಪಟ್ಟಿ ಬಂದರೆ ಸರಿ ಎಂದು ತಿಳಿಯಿರಿ. ಎಂಟು ಅಡಿ ಅಗಲದ ಪರದೆಗೆ 3000 ಲ್ಯೂಮೆನ್ ಧಾರಾಳ ಸಾಕು. ಆದರೆ ‘ಡೈನಾಮಿಕ್’ ಬಿಟ್ಟು ‘ಸಿನಿಮಾ’ ಮೋಡ್‌ನಲ್ಲಿಡಿ. ಲ್ಯೂಟನ್ ಚಿತ್ರಗಳು ನೆರಳಿನಲ್ಲೇ ನಡೆಯುವಂಥವು. ಕಿಟಕಿಗೆ ಕಪ್ಪು ಬಟ್ಟೆ ಕಟ್ಟದಿದ್ದರೆ ನೆರಳೆಲ್ಲ ಬೂದಿ ಬಣ್ಣವಾಗಿ ಭಯವೂ ಹೋಗುತ್ತದೆ. ಟಿವಿಯಲ್ಲಿ ತೋರಿಸುವವರು ಚಲನೆಯನ್ನು ನುಣುಪು ಮಾಡುವ ಆಯ್ಕೆಯನ್ನು ಆಫ್ ಮಾಡಲೇಬೇಕು. ಅದಿದ್ದರೆ ಹಳೆಯ ಚಿತ್ರವೂ ಧಾರಾವಾಹಿಯ ಹಾಗೆ ಕಾಣುತ್ತದೆ.

ಸದ್ದಿನಲ್ಲಿ ಹೆಚ್ಚಾಗಿ ಎಡವುವುದು ಹೀಗೆ: 5.1 (ಆರು ಚಾನೆಲ್‌ಗಳ) ಸದ್ದಿರುವ ಫೈಲನ್ನು ಎರಡೇ ಸ್ಪೀಕರಿನಲ್ಲಿ ನುಡಿಸಿದಾಗ ಕೆಲವೊಮ್ಮೆ ಮಾತು ಬರುವ ಮಧ್ಯದ ಚಾನೆಲ್ ಬಿಟ್ಟುಹೋಗುತ್ತದೆ. ಆಗ ಸಂಗೀತ ಗಟ್ಟಿಯಾಗಿ ಕೇಳುತ್ತದೆ, ಮಾತು ಮಾತ್ರ ಬಾವಿಯಿಂದ ಬಂದಂತಿರುತ್ತದೆ. ಸ್ಟೀರಿಯೊ ಟ್ರ್ಯಾಕ್ ಇದ್ದರೆ ಅದನ್ನೇ ಆರಿಸಿ. ಎರಡೂ ಚಿತ್ರಗಳ ಒಂದೊಂದು ಮಾತಿನ ದೃಶ್ಯ ಹಾಕಿ, ಮಾತು ಸಮನಾಗಿ ಕೇಳುವ ಮಟ್ಟವನ್ನು ಚೀಟಿಯಲ್ಲಿ ಬರೆದಿಡಿ. ಹಳೆಯ ಮೋನೊ ಸದ್ದು ಮಂಕಾಗಿದೆ ಎಂದು ಟ್ರೆಬಲ್ ಏರಿಸಿದರೆ ಬರುವುದು ಬರೀ ಸುಯ್ ಎಂಬ ಸದ್ದು.

ಕನ್ನಡ ಸಬ್‌ಟೈಟಲ್ ಮಾಡುವವರು ಯೂನಿಕೋಡ್‌ನಲ್ಲೇ ಬೆರಳಚ್ಚು ಮಾಡಿ, ಯುಟಿಎಫ್-8 ಎಂದು ಉಳಿಸಿಕೊಳ್ಳಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಮಾಡಿದ್ದು ಪರದೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರವಾಗಿ ಬರುತ್ತದೆ. ಫೈಲಿನ ಹೆಸರು ಚಿತ್ರದ ಫೈಲಿನದ್ದೇ ಇರಲಿ. ಒಮ್ಮೆಗೆ ಎರಡು ಸಾಲು ಮೀರದಿರಲಿ. ಸಬ್‌ಟೈಟಲ್ ಮೊದಲಿನಿಂದಲೂ ಒಂದೇ ಅಂತರದಲ್ಲಿ ತಪ್ಪುತ್ತಿದ್ದರೆ ವಿಎಲ್‌ಸಿ ಪ್ಲೇಯರ್‌ನಲ್ಲಿ ಜಿ, ಎಚ್ ಕೀಲಿಗಳನ್ನು ಒತ್ತಿ ಸರಿಪಡಿಸಬಹುದು. ಶುರುವಿನಲ್ಲಿ ಸರಿಯಿದ್ದು ಹೋಗುತ್ತ ಹೋಗುತ್ತ ಅಂತರ ಬೆಳೆದರೆ ಕಾರಣ ಬೇರೆ: ಸೆಕೆಂಡಿಗೆ 25 ಚೌಕಟ್ಟಿನ (ಫ್ರೇಮ್) ಪ್ರತಿಗೆ ಮಾಡಿದ ಸಬ್‌ಟೈಟಲನ್ನು 24ರ ಪ್ರತಿಗೆ ಹಾಕಿದ್ದೀರಿ. ಒಂದು ಗಂಟೆಗೆ ಅದು 2 ನಿಮಿಷ 24 ಸೆಕೆಂಡ್ ಮುಂದೆ ಓಡುತ್ತದೆ. ಕೀಲಿ ಒತ್ತಿ ಪ್ರಯೋಜನವಿಲ್ಲ. ‘ಸಬ್‌ಟೈಟಲ್ ಎಡಿಟ್’ನಂಥ ತಂತ್ರಾಂಶದಲ್ಲಿ ಫ್ರೇಮ್ ರೇಟ್ ಬದಲಿಸಬೇಕು. ಇದು ಪತ್ತೆಯಾಗಬೇಕಾದರೆ ಹಿಂದಿನ ದಿನ ಚಿತ್ರದ 5ನೇ ಮತ್ತು 60ನೇ ನಿಮಿಷ ಎರಡನ್ನೂ ಹಾಕಿ ನೋಡಬೇಕು.

ಹಕ್ಕಿನ ವಿಚಾರ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ಒಟಿಟಿ ಚಂದಾ ಮನೆಯ ಬಳಕೆಗೆ. ಸಭಾಂಗಣದಲ್ಲಿ ಅದರಿಂದ ತೋರಿಸುವಂತಿಲ್ಲ. ನಮ್ಮ ಕಾಯ್ದೆಯಲ್ಲಿ ಚಲನಚಿತ್ರದ ಹಕ್ಕು ಬಿಡುಗಡೆಯ ಮುಂದಿನ ವರ್ಷದಿಂದ ಎಣಿಸಿ 60 ವರ್ಷ. 1964ರಲ್ಲಿ ತೆರೆಕಂಡ ಚಿತ್ರದ್ದು 2024ರ ಕೊನೆಗೆ ಮುಗಿದಿದೆ. ಮೇಲಿನ ಲ್ಯೂಟನ್ ಚಿತ್ರಗಳು, ‘ದಿ ಥೀಫ್’ ಈ ಲೆಕ್ಕಕ್ಕೆ ಸೇರುತ್ತವೆ. ಹೊಸ ಡಿಸ್ಕ್‌ನಲ್ಲಿರುವ ಸಬ್‌ಟೈಟಲ್ ಮತ್ತು ವಿವರಣೆಗೆ ಬೇರೆ ಹಕ್ಕಿರುತ್ತದೆ ಎಂಬುದು ನೆನಪಿರಲಿ. ‘ತರ್ಕ’, ‘ಪುಷ್ಪಕ ವಿಮಾನ’, ಸಿಐಡಿ 999 ಮುಂತಾದವಕ್ಕೆ ಹಕ್ಕುದಾರರ ಲಿಖಿತ ಒಪ್ಪಿಗೆ ಬೇಕು. ಸಾರ್ವಜನಿಕರಿಗೆ ತೋರಿಸುವ ಯಾವ ಚಿತ್ರಕ್ಕೂ ಪ್ರಮಾಣಪತ್ರದ ನಿಯಮ ಅನ್ವಯಿಸುತ್ತದೆ. ಅದನ್ನು ವಿಚಾರಿಸದೆ ಕರಪತ್ರ ಅಚ್ಚು ಹಾಕಿಸಬೇಡಿ.

ಸಂಘಗಳು ತಮ್ಮ ಪ್ರಕಟಣೆಯಲ್ಲೇ ಈ ನಾಲ್ಕು ವಿವರಗಳನ್ನು ಬರೆದು ಕಳಿಸಿದರೆ ಪತ್ರಿಕೆಗೆ ಹುಡುಕುವ ಕೆಲಸವೂ ಉಳಿಯುತ್ತದೆ. ಜೋಡಿ ಪ್ರದರ್ಶನವಾದರೆ ಎರಡನೆಯ ಚಿತ್ರ ಶುರುವಾಗುವ ಸಮಯವನ್ನು ಪ್ರತ್ಯೇಕವಾಗಿ ಅಚ್ಚು ಮಾಡಿ. ಕೆಲಸ ಮುಗಿಸಿ ತಡವಾಗಿ ಬರುವವರು ಅದೊಂದನ್ನಾದರೂ ಪೂರ್ತಿ ನೋಡಲಿ.

ಇಂತಿ,
ಕೆಲವು ಸಿನಿಮಾಸಕ್ತರು, ಮೈಸೂರು