ಕೋಡ್ ಆರಿಸುವ ಮುನ್ನ

ಚಿ. ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದೂ ಪ್ರೀ-ಆಥ್ (ಚಿಕಿತ್ಸೆಗೆ ಮೊದಲೇ ಪಡೆಯುವ ಒಪ್ಪಿಗೆ), ಫೋಟೋ ಅಪ್‌ಲೋಡ್, ಡಿಸ್ಚಾರ್ಜ್ ಸಮರಿ ಅಂತಲೇ ಅರ್ಧ ದಿನ ಹೋಗುತ್ತದೆ ಎಂದು ಫೋನಿನಲ್ಲಿ ಬೇಸರಪಟ್ಟೆಯಲ್ಲ, ಅದು ನ್ಯಾಯವೇ. ಆದರೂ ಅದನ್ನು ಗುಮಾಸ್ತರ ಕೆಲಸವೆಂದು ತಳ್ಳಬೇಡ ಮಗಳೇ. ನಾನು ಸರ್ಕಾರಿ ಆಸ್ಪತ್ರೆಯ ಲೆಕ್ಕಪತ್ರ ನೋಡುತ್ತಿದ್ದಾಗ ವರ್ಷಕ್ಕಿಷ್ಟು ಅಂತ ಅನುದಾನ ಬರುತ್ತಿತ್ತು. ರೋಗಿಗಳ ಸಾಲು ಬೆಳೆದರೂ ಅದು ಬೆಳೆಯುತ್ತಿರಲಿಲ್ಲ. ನಿಮ್ಮ ಸಂಬಳ ಈಗಲೂ ಖಜಾನೆಯಿಂದಲೇ, ನಿಜ. ಆದರೆ 2018ರಲ್ಲಿ ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆ ಬಂದು, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದ ಜತೆ ಕೂಡಿಕೊಂಡ ಮೇಲೆ, ಒಳರೋಗಿಗೆ ಮಾಡಿದ ಚಿಕಿತ್ಸೆಗೆ ಪ್ಯಾಕೇಜ್ ದರದಂತೆ, ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ ಆಸ್ಪತ್ರೆಗೆ ಹಣ ಕೊಡುತ್ತದೆ. ನೀನು ಮಾಡಿದ ಕೆಲಸ ಕೇಸ್ ಶೀಟಿನಲ್ಲಿ ಇಲ್ಲದಿದ್ದರೆ ಆ ಹಣವೂ ಇಲ್ಲ.

ಇಷ್ಟೇ ಆಗಿದ್ದರೆ ಪತ್ರ ಬರೆಯುತ್ತಿರಲಿಲ್ಲ. ಪ್ಯಾಕೇಜ್ ಅಂದರೆ ಮದುವೆ ಅಡುಗೆಯನ್ನು ಗುತ್ತಿಗೆಗೆ ಕೊಟ್ಟ ಹಾಗೆ: ಹಾಸಿಗೆ, ಔಷಧಿ, ತಪಾಸಣೆ, ಆಪರೇಷನ್ ಎಲ್ಲ ಸೇರಿ ಒಂದೇ ಮೊತ್ತ, ಅದಕ್ಕೊಂದು ಕೋಡ್. ಕಡಿಮೆ ಖರ್ಚಿನಲ್ಲಿ ಮುಗಿಸಿದವನಿಗೆ ಲಾಭ. ಅಮೆರಿಕದಲ್ಲಿ ಮುದುಕರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ 1983ರಲ್ಲಿ ರೋಗದ ಗುಂಪಿಗೊಂದು ದರ ಕಟ್ಟಿದಾಗ ಮುದುಕರು ಆಸ್ಪತ್ರೆಯಲ್ಲಿ ಇರುವ ದಿನಗಳು ಕಡಿಮೆಯಾದವು. ಹೆಚ್ಚು ದರದ ಗುಂಪಿಗೆ ರೋಗಿಯನ್ನು ಸೇರಿಸಿ ಬರೆಯುವ ಜಾಣತನವೂ ಬೆಳೆಯಿತು. ನಮ್ಮವರೇನು ಜಾಣತನದಲ್ಲಿ ಹಿಂದೆ ಬೀಳುವವರಲ್ಲ! "ಮೇಡಂ, ಈ ಕೋಡ್ ಹಾಕಿದ್ರೆ ಜಾಸ್ತಿ ಬರುತ್ತೆ" ಎಂದು ಯಾರಾದರೂ ಮೆಲ್ಲಗೆ ಹೇಳುವ ದಿನ ನಿನಗೂ ಬರುತ್ತದೆ. ಮೊದಲು ರೋಗ ನಿರ್ಧರಿಸು, ಅದನ್ನು ಬರೆ, ಆಮೇಲೆ ಕೋಡ್ ನೋಡು. ಹಿಂದುಮುಂದಾಗಬಾರದು.

ಇನ್ನು ರೆಫರಲ್ ಚೀಟಿ. ತುರ್ತು ಸಂದರ್ಭ ಬಿಟ್ಟರೆ, ಈ ಯೋಜನೆಯಡಿ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ವೈದ್ಯರ ಚೀಟಿ ಬೇಕು. ಹಾಗಾಗಿ ನಿನ್ನ ಸಹಿಗೆ ಬೆಲೆಯಿದೆ, ಕೇಳಿಕೊಂಡು ಬರುವವರೂ ಇರುತ್ತಾರೆ. ನಿಮ್ಮಲ್ಲೇ ಆಗುವುದನ್ನು ಹೊರಗೆ ಕಳಿಸಬೇಡ. ಆಗದ್ದನ್ನು ಕ್ಲೇಮಿನ ಆಸೆಗೆ ಇಟ್ಟುಕೊಳ್ಳುವುದು ಅದಕ್ಕಿಂತ ಕೆಟ್ಟದ್ದು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆ ಇದೆ. ಎಪಿಎಲ್‌ನವರಿಗೆ ಸಿಗುವುದು ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ 1.5 ಲಕ್ಷದ ಮಿತಿಯಲ್ಲಿ. ಉಳಿದದ್ದು ಅವರ ಕೈಯಿಂದಲೇ. ಇದನ್ನು ದಾಖಲಾಗುವಾಗಲೇ ಮನೆಯವರಿಗೆ ಬಿಡಿಸಿ ಹೇಳು. ಬಿಡುಗಡೆಯ ದಿನ ಕೌಂಟರಿನಲ್ಲಿ ಗೊತ್ತಾದರೆ ಬೈಗುಳ ನಿನಗೇ.

ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರ ಹುಡುಗನನ್ನು ಚೆನ್ನಾಗಿ ನೋಡಿಕೋ. ನಿಯಮವೆಲ್ಲ ಅವನ ಬಾಯಲ್ಲಿರುತ್ತದೆ. ನಿನ್ನ ದೊಡ್ಡಮ್ಮ ಕೊಟ್ಟ ಚಟ್ನಿಪುಡಿ ಬಸ್ಸಿಗೆ ಹಾಕಿದ್ದೇನೆ, ನಾಳೆ ಇಳಿಸಿಕೋ.

ಇಂತಿ,
ನಿನ್ನ ದೊಡ್ಡಪ್ಪ